ಸುವರ್ಣ ತ್ರಿಭುಜ: ಬೋಟು ಸಿಕ್ಕಿತು, ಏಳು ಜನ ಸಿಗಲಿಲ್ಲ

ಹೆಬ್ರಿಯಿಂದ ಸಮುದ್ರ ಕಾಣುವುದಿಲ್ಲ. ಆಗುಂಬೆ ಘಾಟಿಯ ಬುಡದಲ್ಲಿರುವ ನಮಗೆ ಮಲ್ಪೆ ಅಂದ್ರೆ ಹಾರ್ನ್ ಹೊಡೆದುಕೊಂಡು ಬರುವ ಮೀನಿನ ಗಾಡಿ, ಅಷ್ಟೇ. ಆ ಮೀನು ಹಿಡಿಯಲು ಹೋದವರು ವಾಪಸ್ ಬರದೇ ಇದ್ದರೆ ಅವರನ್ನು ಹುಡುಕುವುದು ಹೇಗೆ? ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಇದೆ.

2018ರ ಡಿಸೆಂಬರ್ 13ರ ರಾತ್ರಿ ‘ಸುವರ್ಣ ತ್ರಿಭುಜ’ ಎಂಬ ಆಳಸಮುದ್ರ ಬೋಟು ಮಲ್ಪೆ ಬಂದರಿನಿಂದ ಹೊರಟಿತು. ಒಟ್ಟು 7 ಜನ: ಇಬ್ಬರು ಮಲ್ಪೆ ಕಡೆಯವರು, ಐವರು ಉತ್ತರ ಕನ್ನಡದವರು. ಎರಡು ದಿನ ಕಳೆದು, 15ರ ರಾತ್ರಿಯ ನಂತರ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದಲ್ಲಿ ಅದರ ಸಂಪರ್ಕ ತಪ್ಪಿತು. ಕೋಸ್ಟ್ ಗಾರ್ಡ್, ನೌಕಾಪಡೆ ಎಲ್ಲ ಹುಡುಕಿದರೂ ಸುಳಿವಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೈವೇ ತಡೆದು ಕೂತರು.

ಇಷ್ಟೆಲ್ಲ ಟೆಕ್ನಾಲಜಿ ಇದ್ದೂ ಯಾಕೆ ಸಿಗಲಿಲ್ಲ ಅಂತ ನಿಮಗೂ ಅನಿಸಬಹುದು. ಎಲೆಕ್ಟ್ರೋಮ್ಯಾಗ್ನೆಟಿಕ್ಸ್‌ನಲ್ಲಿ ಸ್ಕಿನ್ ಡೆಪ್ತ್ ಡೆರಿವೇಶನ್ ಬರುತ್ತಲ್ಲ, ನಾವು ಮಾರ್ಕಿಗೋಸ್ಕರ ಬಾಯಿಪಾಠ ಮಾಡುವುದು? ಉತ್ತರ ಅಲ್ಲೇ ಇದೆ. ಉಪ್ಪುನೀರು ಕರೆಂಟ್ ಹರಿಯಲು ಬಿಡುತ್ತದೆ, ಹಾಗಾಗಿ ಜಿಪಿಎಸ್‌ನಂಥ ತರಂಗ ಅದರಲ್ಲಿ ಒಂದೆರಡು ಸೆಂಟಿಮೀಟರ್ ಇಳಿಯುವಷ್ಟರಲ್ಲೇ ಸೊರಗಿಬಿಡುತ್ತದೆ. ಬೋಟು ಮುಳುಗಿದ ಕ್ಷಣಕ್ಕೆ ವೈರ್‌ಲೆಸ್ಸು, ಮೊಬೈಲು, ಜಿಪಿಎಸ್ಸು ಎಲ್ಲ ಒಟ್ಟಿಗೇ ಮೂಕ. ಇಸ್ರೋ ಮಾಡಿದ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್‌ನ ಗುಂಡಿ ಒತ್ತಿದರೆ ಸ್ಯಾಟಲೈಟ್ ಮೂಲಕ ಸುದ್ದಿ ಹೋಗುತ್ತದೆ, ಆದರೆ ಅದನ್ನು ಒತ್ತುವಷ್ಟು ಹೊತ್ತಾದರೂ ಸಿಗಬೇಕು.

ನೀರೊಳಗೆ ದೂರ ಹೋಗುವುದು ಶಬ್ದ ಮಾತ್ರ, ಸೆಕೆಂಡಿಗೆ ಸುಮಾರು 1500 ಮೀಟರ್. ಸೋನಾರ್ ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. 60 ಮೀಟರ್ ಆಳಕ್ಕೆ ಹೋಗಿ ಬರಲು 0.08 ಸೆಕೆಂಡ್ ಸಾಕು. ಲೆಕ್ಕ ಸುಲಭ. ಕಷ್ಟ ಇರುವುದು ಎಲ್ಲಿ ಕಳಿಸಬೇಕು ಅನ್ನುವುದರಲ್ಲಿ. ಹಡಗು ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಬೇಕು, ತಳದಲ್ಲಿ ಕಂಡದ್ದು ಬಂಡೆಯೋ ಬೋಟೋ ಅಂತ ಆಮೇಲೆ ಮುಳುಗುಗಾರರು ಇಳಿದು ನೋಡಬೇಕು. ಐಎನ್‌ಎಸ್ ನಿರೀಕ್ಷಕ್ ಹಡಗು ಆ ಕೆಲಸಕ್ಕೆಂದೇ ಇರುವುದು. 2019ರ ಮೇ ತಿಂಗಳ ಮೊದಲಲ್ಲಿ ಮಾಲ್ವಣ್ ತೀರದಿಂದ ಸುಮಾರು 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಅದಕ್ಕೆ ಸಿಕ್ಕಿತು. ಹೊರಟು ನಾಲ್ಕೂವರೆ ತಿಂಗಳಾಗಿತ್ತು.

ಅದೇ ರಾತ್ರಿ ಆ ಭಾಗದಲ್ಲಿ ಯುದ್ಧನೌಕೆ ಐಎನ್‌ಎಸ್ ಕೊಚ್ಚಿಯ ತಳಕ್ಕೆ ಹಾನಿಯಾಗಿತ್ತು ಎಂದು ಪತ್ರಿಕೆಗಳು ಬರೆದವು. ಡಿಕ್ಕಿಯೇ ಕಾರಣ ಅನ್ನುವುದು ಮೀನುಗಾರರ ಆರೋಪ. ಯುದ್ಧ ಇಲ್ಲದ ಕಾಲದಲ್ಲಿ ಮೀನಿನ ಬೋಟಿನ ಕಥೆಯೊಳಗೆ ಯುದ್ಧನೌಕೆ ಬಂತು ಅನ್ನುವುದೇ ನನ್ನನ್ನು ಹಳೇ ದಾಖಲೆಗಳ ಕಡೆ ಕಳಿಸಿದ್ದು.

ಎರಡೂ ಮಹಾಯುದ್ಧಗಳಲ್ಲಿ ಬ್ರಿಟನ್ ತನ್ನ ಟ್ರಾಲರ್‌ಗಳನ್ನು ಮೀನುಗಾರರ ಸಮೇತ ನೌಕಾಪಡೆಗೆ ಸೇರಿಸಿಕೊಂಡು ಸಮುದ್ರದ ಮೈನ್ ತೆಗೆಯಲು ಕಳಿಸಿತು. ಬಲೆ ಎಳೆಯುವ ವಿಂಚಿಗೇ ತಂತಿ ಕಟ್ಟಿ ಮೈನಿನ ಹಗ್ಗ ಕತ್ತರಿಸುವುದು, ಜುಗಾಡ್ ಅಂದ್ರೆ ಇದು! ಸಮುದ್ರವೇ ಸಮಾಧಿಯಾದ ವ್ಯಾಪಾರಿ ನಾವಿಕರು, ಮೀನುಗಾರರು ಸೇರಿ ಸುಮಾರು 36,000 ಹೆಸರು ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿವೆ. ಎರಡನೇ ಮಹಾಯುದ್ಧದಲ್ಲಿ ಹಡಗಿನೊಂದಿಗೆ ಮುಳುಗಿದ ಭಾರತದ ಸುಮಾರು 6,000 ವ್ಯಾಪಾರಿ ನಾವಿಕರ ಹೆಸರು ಹೀಗೆ ಕಲ್ಲಿನಲ್ಲಿಲ್ಲ, ಮುಂಬೈ ಮತ್ತು ಚಿತ್ತಗಾಂಗಿನಲ್ಲಿಟ್ಟ ಪುಸ್ತಕದಲ್ಲಿವೆ. ಕಲ್ಲೋ ಪುಸ್ತಕವೋ, ಹೆಸರು ಉಳಿದದ್ದು ಹಡಗಲ್ಲಿ ಯಾರ್ಯಾರು ಇದ್ದರು ಅಂತ ದಡದಲ್ಲಿ ಯಾರೋ ಬರೆದಿಟ್ಟಿದ್ದರಿಂದ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಜಾಲತಾಣದಲ್ಲಿ ಇವತ್ತೂ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯವರಿಗೆ ಹೆಸರು ಮಾತ್ರ ಸಾಲದು, ಕಾಗದವೂ ಬೇಕು. ಶವ ಸಿಗದಿದ್ದರೆ ಸಾವಿನ ಸರ್ಟಿಫಿಕೇಟು ಸುಲಭಕ್ಕೆ ಸಿಗುವುದಿಲ್ಲ. ಅದಿಲ್ಲದೆ ಇನ್ಶೂರೆನ್ಸೂ ಇಲ್ಲ, ಬ್ಯಾಂಕಿನ ಕೆಲಸವೂ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮಿನ ಪ್ರಕಾರ, ಸುದ್ದಿ ಬರಬೇಕಾದವರಿಗೆ 7 ವರ್ಷ ಸುದ್ದಿ ಬರದಿದ್ದರೆ, ಆತ ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಹೊಸ ಕಾಯ್ದೆ ಬಂದರೂ ಈ 7 ವರ್ಷ ಹಾಗೇ ಇದೆ. ಸುವರ್ಣ ತ್ರಿಭುಜದ ಏಳು ಜನರಿಗೆ ಆ ಲೆಕ್ಕ 2025ರ ಡಿಸೆಂಬರ್‌ಗೆ ಬರುತ್ತದೆ.