ಕ್ರಿಪ್ಟೋಸ್ ತಂಡದ ಏಳನೆಯ ಆಲ್ಬಮ್

1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿಕೊಂಡ ಕ್ರಿಪ್ಟೋಸ್ ಎಂಬ ಮೆಟಲ್ ಸಂಗೀತ ತಂಡವು 2024ರ ಜುಲೈಯಲ್ಲಿ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ ಹೊರತಂದ 'ಡೆಸಿಮೇಟರ್' ಅದರ ಏಳನೆಯ ಸ್ಟುಡಿಯೋ ಆಲ್ಬಮ್ ಆಗಿದ್ದು, ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆಯುವವರು ಬದಿಗೆ ಸರಿಸಲಾಗದ ಕೃತಿಯಾಗಿದೆ. ಹಾಡುಗಳು ಇಂಗ್ಲಿಷಿನಲ್ಲಿವೆ ಎಂಬ ಕಾರಣಕ್ಕೆ ಈ ನೆಲದ ದುಡಿಮೆಯನ್ನು ಪರರದೆಂದು ಬಗೆಯುವುದು ಸರಿಯಲ್ಲ.

ಸ್ಟುಡಿಯೋ ಆಲ್ಬಮ್ ಎಂದರೆ ವೇದಿಕೆಯ ಕಾರ್ಯಕ್ರಮವನ್ನು ನಡೆದಂತೆಯೇ ಹಿಡಿದಿಟ್ಟ ಧ್ವನಿಮುದ್ರಣವಲ್ಲ. ಸಾಮಾನ್ಯವಾಗಿ ಮೊದಲು ಡ್ರಮ್ಸ್, ಬಳಿಕ ಬೇಸ್ ಮತ್ತು ಗಿಟಾರ್, ಕೊನೆಗೆ ಗಾಯನ ಎಂಬಂತೆ ಒಂದೊಂದನ್ನೂ ಬೇರೆ ಬೇರೆ ಪದರಗಳಲ್ಲಿ ದಾಖಲಿಸಿ, ಅವುಗಳ ಏರಿಳಿತವನ್ನು ಹದಗೊಳಿಸಿ, ಹಾಡುಗಳ ಅನುಕ್ರಮವನ್ನೂ ಯೋಚಿಸಿ ಕಟ್ಟಿದ ಇಡಿಯಾದ ರಚನೆ ಅದು. ಇನ್ನು ಈ ತಂಡದ ಶೈಲಿಯ ಮಾತು: 1960ರ ದಶಕದ ಕೊನೆಯಲ್ಲಿ ಲೆಡ್ ಜೆಪೆಲಿನ್, ಡೀಪ್ ಪರ್ಪಲ್ ಮುಂತಾದ ಬ್ರಿಟಿಷ್ ತಂಡಗಳು ಗಿಟಾರಿನ ನಾದವನ್ನು ಆಂಪ್ಲಿಫೈಯರಿನಲ್ಲಿ ಒರಟಾಗುವಷ್ಟು ಹಿಗ್ಗಿಸಿ ಬೆಳೆಸಿದ ಶೈಲಿಗೆ ಹಾರ್ಡ್ ರಾಕ್ ಎಂಬ ಹೆಸರು ಬಂತು. ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್, ಜೂಡಾಸ್ ಪ್ರೀಸ್ಟ್ ತಂಡಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿದಾಗ ಹೆವಿ ಮೆಟಲ್ ರೂಪುಗೊಂಡಿತು. ಕ್ರಿಪ್ಟೋಸ್ ಮೆಟಲ್ ತಂಡವಾದರೂ ಅದರ ಬೇರು ಆ ಹಳೆಯ ಹಾರ್ಡ್ ರಾಕ್‌ನಲ್ಲಿದೆ.

ಈ ಸಂಗೀತದ ಜೀವಾಳವೆಂದರೆ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಚಿಕ್ಕ ಗಿಟಾರ್ ಪಲುಕು. ವಾದಕನು ಬಲ ಅಂಗೈಯ ಬುಡವನ್ನು ತಂತಿಗಳ ಮೇಲೆ ಹಗುರವಾಗಿ ಒತ್ತಿ ಮೀಟಿದಾಗ ನಾದವು ಚಾಚದೆ ತುಂಡಾಗಿ ಬೀಳುತ್ತದೆ, ಅಂಗೈ ಎತ್ತಿದೊಡನೆ ಅದೇ ತಂತಿ ಬಾಯಿ ಬಿಟ್ಟು ಮೊಳಗುತ್ತದೆ. ಬೆಳ್ಮಣ್, ಕಾರ್ಕಳದ ಕಡೆ ಇರುಳಿಡೀ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಮದ್ದಳೆಯ ಮುಚ್ಚಿದ ಪೆಟ್ಟು, ಬಿಟ್ಟ ಪೆಟ್ಟುಗಳ ವ್ಯತ್ಯಾಸ ಹೇಗೆ ಕಿವಿಗೆ ತಾನಾಗಿ ತಿಳಿಯುತ್ತದೋ ಇದೂ ಹಾಗೆಯೇ ತಿಳಿಯುತ್ತದೆ. ಇನ್ನೊಂದು ಗುಣ ಜೋಡಿ ಗಿಟಾರ್. ತಂಡದ ಗಾಯಕನೂ ಆಗಿರುವ ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿ ಒಂದೇ ಪಲುಕನ್ನು ಬೇರೆ ಬೇರೆ ಎತ್ತರಗಳಲ್ಲಿ, ಒಬ್ಬರ ಷಡ್ಜಕ್ಕೆ ಇನ್ನೊಬ್ಬರ ಗಾಂಧಾರ ಸೇರುವಂತೆ, ಒಟ್ಟಿಗೆ ನುಡಿಸುವ ಈ ಕ್ರಮವನ್ನು ಐರ್ಲೆಂಡಿನ ಥಿನ್ ಲಿಝಿ 1970ರ ದಶಕದಲ್ಲಿ ಜನಪ್ರಿಯಗೊಳಿಸಿತ್ತು. ಲೂಯಿಸ್ ಅವರ ಕರ್ಕಶ ಕಂಠ ಮೊದಲ ಕೇಳುವಿಕೆಗೆ ಒಡ್ಡಾಗಿ ಕಂಡರೂ ಅದರ ಹಿಂದೆ ಹರಿಯುವ ಗಿಟಾರಿನ ರಾಗಮಾಧುರ್ಯಕ್ಕೆ ಅದೇ ಖಾರ ಕೊಡುತ್ತದೆ.

ಮೊದಲ ಆಲ್ಬಮ್ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, ಅಂದರೆ ತಂಡ ಕಟ್ಟಿದ ಆರು ವರ್ಷಗಳ ಮೇಲೆ. 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಸಂಗೀತ ಉತ್ಸವದಲ್ಲಿ ನುಡಿಸಿದ ಮೇಲೂ ತಂಡವು 'ಬರ್ನ್ ಅಪ್ ದ ನೈಟ್' (2016), 'ಆಫ್ಟರ್‌ಬರ್ನರ್' (2019), 'ಫೋರ್ಸ್ ಆಫ್ ಡೇಂಜರ್' (2021) ಎಂದು ಬಿಡುವಿಲ್ಲದೆ ದುಡಿದು, ರಚನೆಯನ್ನು ಸರಳಗೊಳಿಸುತ್ತ, ರಿಫ್‌ಗೆ ಹೆಚ್ಚು ಬೆಲೆ ಕೊಡುತ್ತ ಬಂದಿತು. ಒಂದೊಂದೇ ಹಾಡನ್ನು ಬಿಡಿಬಿಡಿಯಾಗಿ ಕೇಳಿ ಮರೆಯುವ ಈ ದಿನಗಳಲ್ಲಿ ಇಡೀ ಆಲ್ಬಮ್ ಎಂಬ ರೂಪದಲ್ಲಿ ನಂಬಿಕೆ ಕಳೆದುಕೊಳ್ಳದಿರುವುದು ಈ ತಂಡದ ನಿಜವಾದ ಹಿರಿಮೆ.

ಮಣಿಪಾಲದ ಕಾಲೇಜು ಹಬ್ಬಗಳಲ್ಲಿ ಗಿಟಾರ್ ಹಿಡಿದು ನಿಲ್ಲುವ ಹುಡುಗ ಹುಡುಗಿಯರೂ, ರಾಕ್ ಎಂದರೆ ಬರಿಯ ಗದ್ದಲವೆಂದು ತಿಳಿದ ಹಿರಿಯರೂ 'ಡೆಸಿಮೇಟರ್' ಅನ್ನು ಹಾಡುಗಳ ಕ್ರಮ ಕೆಡಿಸದೆ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕೇಳಬೇಕು.