ಗಣಕಯಂತ್ರ ಮತ್ತು ಜಾಲಸಂಗ್ರಾಹಕ: ಸಂಪರ್ಕದ ಮೂರು ಒಪ್ಪಂದಗಳು

ತಾಳೆಯೋಲೆಗಳು, ಶಾಸನಗಳ ಪಡಿಯಚ್ಚುಗಳು, ಹಳೆಯ ಪತ್ರಿಕೆಗಳು ಚಿತ್ರರೂಪದ ಕಡತಗಳಾಗಿ ಪರಿವರ್ತನೆಗೊಂಡ ಮೇಲೆ ಅವುಗಳನ್ನು ಎಲ್ಲಿ ಇರಿಸಬೇಕೆಂಬ ಪ್ರಶ್ನೆ ಗ್ರಂಥಾಲಯಗಳಿಗೆ ಎದುರಾಗುತ್ತದೆ. ಒಂದೇ ಗಣಕಯಂತ್ರದಲ್ಲಿ ಇರಿಸಿದರೆ ಇತರರಿಗೆ ದೊರೆಯವು. ಪ್ರತಿಯೊಬ್ಬರೂ ನಕಲು ಮಾಡಿಕೊಂಡರೆ ಯಾವುದು ಪರಿಷ್ಕೃತ ಪ್ರತಿಯೆಂಬುದು ತಿಳಿಯದು. ಪಾಠಾಂತರಗಳ ತೊಡಕನ್ನು ಬಲ್ಲ ಸಂಶೋಧಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಟ್‌ವರ್ಕ್ ಸ್ಟೋರೇಜ್, ಅಂದರೆ ಜಾಲಸಂಗ್ರಾಹಕವು ಇದಕ್ಕೊಂದು ಪರಿಹಾರ. ಇದು ಹಾರ್ಡ್‌ಡಿಸ್ಕ್‌ಗಳನ್ನೊಳಗೊಂಡ, ಕಚೇರಿಯ ಜಾಲಕ್ಕೆ ನೇರವಾಗಿ ಜೋಡಿಸಲ್ಪಟ್ಟ ಸ್ವತಂತ್ರ ಗಣಕವೇ ಆಗಿದೆ. ಆದ್ದರಿಂದ ಅದರೊಡನೆ ಸಂಪರ್ಕವೆಂದರೆ ಕೇವಲ ತಂತಿಯ ಜೋಡಣೆಯಲ್ಲ. ಎರಡು ಗಣಕಗಳ ನಡುವಣ ಒಪ್ಪಂದ. ಈ ಒಪ್ಪಂದಕ್ಕೆ ವಿಳಾಸ, ಭಾಷೆ, ಗುರುತು ಎಂಬ ಮೂರು ಅಂಗಗಳಿವೆ.

ಮೊದಲನೆಯದು ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಸಾಧನಕ್ಕೂ 192.168.1.20 ಎಂಬಂತಹ ಸಂಖ್ಯಾವಿಳಾಸವಿರುತ್ತದೆ. ಸಾಮಾನ್ಯವಾಗಿ ರೂಟರ್ ಇದನ್ನು ತಾತ್ಕಾಲಿಕವಾಗಿ ನೀಡುವುದರಿಂದ ಅದು ಬದಲಾಗುವ ಸಂಭವವುಂಟು. ನಿನ್ನೆ ತೆರೆದ ಸಂಗ್ರಹ ಇಂದು ಕಾಣದಿರುವುದಕ್ಕೆ ಅನೇಕ ವೇಳೆ ಇದೇ ಕಾರಣ. ಸಂಗ್ರಾಹಕಕ್ಕೆ ರೂಟರ್‌ನಲ್ಲಿ ಒಂದು ವಿಳಾಸವನ್ನು ಕಾಯ್ದಿರಿಸುವುದು ಯುಕ್ತ. ಬಳಿಕ ವಿಂಡೋಸ್‌ನಲ್ಲಿ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಎಂಬುದನ್ನು ಆರಿಸಿ ವಿಳಾಸವನ್ನೂ ಹಂಚಿಕೆಯ ಕಡತಕೋಶದ ಹೆಸರನ್ನೂ ನೀಡಿದರೆ ಅದು ಗಣಕದ ಸ್ವಂತ ಡ್ರೈವ್‌ನಂತೆಯೇ ತೋರುತ್ತದೆ. ಮ್ಯಾಕ್ ಗಣಕಗಳಲ್ಲಿ ‘ಕನೆಕ್ಟ್ ಟು ಸರ್ವರ್’ ಎಂಬ ಸೂಚನೆಯು ಈ ಕಾರ್ಯವನ್ನು ನಿರ್ವಹಿಸುತ್ತದೆ.

ಎರಡನೆಯದು ಭಾಷೆ, ಅಂದರೆ ಪ್ರೋಟೋಕಾಲ್. 1983ರಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಎಸ್‌ಎಂಬಿ ಹಾಗೂ 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಎನ್‌ಎಫ್‌ಎಸ್ ಇಂದಿಗೂ ಬಳಕೆಯಲ್ಲಿವೆ. ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು ಬಳಸಿಕೊಂಡೇ 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಕುತಂತ್ರಾಂಶವು ಅನೇಕ ದೇಶಗಳ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ದೋಷಕ್ಕೆ ತಿದ್ದುಪಡಿಯು ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು ಎಂಬುದು ಗಮನಾರ್ಹ. ಹಳೆಯ ಸ್ಕ್ಯಾನರ್‌ನ ಅನುಕೂಲಕ್ಕಾಗಿ ಮೊದಲ ಆವೃತ್ತಿಯನ್ನು ಮತ್ತೆ ಚಾಲನೆಗೊಳಿಸುವುದು ಸರ್ವಥಾ ಸಲ್ಲದು.

ಮೂರನೆಯದು ಗುರುತು. ಹೆಸರು, ಗುಪ್ತಪದಗಳಿಲ್ಲದೆ ‘ಅತಿಥಿ’ಯಾಗಿ ಪ್ರವೇಶಿಸುವ ರೂಢಿ ಹಲವೆಡೆ ಇತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಪರಿಷ್ಕರಣೆಯು ಪ್ರೊ ಆವೃತ್ತಿಯಲ್ಲಿ ಅತಿಥಿ ಪ್ರವೇಶವನ್ನು ತಡೆದು, ಪ್ರತಿ ಸಂದೇಶಕ್ಕೂ ಗಣಕೀಯ ಸಹಿಯನ್ನು ಕಡ್ಡಾಯಗೊಳಿಸಿತು. ಇದರಿಂದ ಅತಿಥಿ ಪ್ರವೇಶವನ್ನೇ ನಂಬಿದ್ದ ಸಂಪರ್ಕಗಳು ಕಡಿದುಹೋದವು. ಈ ರಕ್ಷಣೆಯನ್ನು ಸಡಿಲಿಸುವುದು ಸುಲಭ. ಆದರೆ ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಖಾತೆ ತೆರೆಯುವುದೇ ಸರಿಯಾದ ಮಾರ್ಗ. ಓದುವವರಿಗೆ ಓದುವ ಹಕ್ಕು, ಪರಿಷ್ಕರಿಸುವವರಿಗೆ ಮಾತ್ರ ಬರೆಯುವ ಹಕ್ಕು ಎಂಬ ವಿಂಗಡಣೆಯೂ ಇದರಿಂದ ಸಾಧ್ಯವಾಗುತ್ತದೆ.

ಕನ್ನಡದಲ್ಲಿ ಕಡತಗಳನ್ನು ಹೆಸರಿಸುವವರು ಗಮನಿಸಬೇಕಾದ ಅಂಶವೊಂದಿದೆ. ಹೆಚ್ಚಿನ ಸಂಗ್ರಾಹಕಗಳು ಲಿನಕ್ಸ್ ಆಧಾರಿತವಾಗಿದ್ದು, ಅಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟ್‌ಗಳನ್ನು ಮೀರುವಂತಿಲ್ಲ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತಗಳು, 18 ಬೈಟ್‌ಗಳು ವ್ಯಯವಾಗುತ್ತವೆ. ಆದುದರಿಂದ ವಿಂಡೋಸ್‌ನಲ್ಲಿ ಸರಿಯೆನಿಸಿದ ದೀರ್ಘ ಶೀರ್ಷಿಕೆಯನ್ನು ಸಂಗ್ರಾಹಕವು ನಿರಾಕರಿಸಬಹುದು. ಕಡತಕ್ಕೆ ಕಿರಿದಾದ ಕ್ರಮಸಂಖ್ಯೆಯನ್ನು ನೀಡಿ, ಪೂರ್ಣ ಶೀರ್ಷಿಕೆಯನ್ನು ಸೂಚಿಯಲ್ಲಿ ದಾಖಲಿಸುವುದು ಲೇಸು.

ಕೊನೆಯದಾಗಿ, ಸಂಪರ್ಕವು ಸಂರಕ್ಷಣೆಯಲ್ಲ. ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವ ವ್ಯವಸ್ಥೆಯು ಒಂದು ಡಿಸ್ಕ್ ಕೆಟ್ಟಾಗ ನೆರವಾಗುತ್ತದೆ. ಕಡತವೊಂದನ್ನು ಅಳಿಸಿದರೆ ಎರಡರಿಂದಲೂ ಅಳಿಯುತ್ತದೆ. ಸಂಪರ್ಕದಲ್ಲಿರುವ ಗಣಕಕ್ಕೆ ತಗುಲಿದ ಸೋಂಕು ಸಂಗ್ರಾಹಕದ ಕಡತಗಳನ್ನೂ ಕೆಡಿಸಬಲ್ಲದು. ಜಾಲದಿಂದ ಬೇರ್ಪಡಿಸಿದ, ಬೇರೊಂದು ಕಟ್ಟಡದಲ್ಲಿರಿಸಿದ ಇನ್ನೊಂದು ಪ್ರತಿ ಇರಲೇಬೇಕು. ಅದನ್ನು ಆಗಾಗ ತೆರೆದು ಪರೀಕ್ಷಿಸಲೂಬೇಕು. ಮೂಲ ಓಲೆಯು ಶಿಥಿಲಗೊಂಡ ಬಳಿಕ ಆ ಚಿತ್ರವೇ ಗ್ರಂಥದ ಏಕೈಕ ಸಾಕ್ಷಿಯಾಗಿ ಉಳಿಯುವುದರಿಂದ ಈ ಎಚ್ಚರವು ಗ್ರಂಥಪಾಲಕರ ಕರ್ತವ್ಯದ ಭಾಗವೇ ಆಗಿದೆ.