ದೂರದ ಯಂತ್ರದ ನಾಡಿ ಹಿಡಿಯುವುದು ಹೇಗೆ?

ಕಾಲೇಜಿನ ಗಣಕ ಕೊಠಡಿಯಲ್ಲಿ ಅಂತರಜಾಲ ನಿಂತುಹೋಗಿದೆ ಎನ್ನಿ. ದೋಷ ನಿಮ್ಮ ಗಣಕದಲ್ಲಿದೆಯೋ, ಮೇಲಿನ ಮಹಡಿಯ ಸ್ವಿಚ್‌ನಲ್ಲೋ, ಹೊರಗಿನ ಕೇಬಲ್‌ನಲ್ಲೋ? ಕುಳಿತಲ್ಲಿಂದಲೇ ಇದನ್ನು ಪತ್ತೆಹಚ್ಚಬಹುದು. ಅದಕ್ಕೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಸಾಧನ ಎಚ್ಚರವಾಗಿದೆಯೇ? ಎಷ್ಟು ದುಡಿಯುತ್ತಿದೆ? ಅದರೊಳಕ್ಕೆ ಹೋಗಿ ಸರಿಪಡಿಸಬಹುದೇ?

ಮೊದಲ ಪ್ರಶ್ನೆಗೆ ಉತ್ತರ 'ಪಿಂಗ್'. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ ಇದು. ಸೋನಾರ್ ಉಪಕರಣ ನೀರಿನಲ್ಲಿ ಧ್ವನಿ ಕಳಿಸಿ ಪ್ರತಿಧ್ವನಿಗೆ ಕಾಯುತ್ತದಲ್ಲವೆ? ಅದರ ಸದ್ದೇ ಈ ಪ್ರೋಗ್ರಾಂನ ಹೆಸರು. ಪಿಂಗ್ ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಮರಳಲು ಹಿಡಿದ ಕಾಲವನ್ನು ಅಳೆಯುತ್ತದೆ.

ಇಲ್ಲಿ ಸ್ವಲ್ಪ ಭೌತವಿಜ್ಞಾನ ನೋಡೋಣ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಂಗಳೂರು–ದೆಹಲಿ ನೇರ ಅಂತರ ಸುಮಾರು 1,740 ಕಿ.ಮೀ. ಹೋಗಿಬರಲು 3,480 ಕಿ.ಮೀ. ಅಂದರೆ ತಂತುವಿನ ಮೂಲಕ ಸುಮಾರು 17 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರಲಾರದು. ಕೇಬಲ್ ನೇರವಾಗಿರುವುದಿಲ್ಲ, ದಾರಿಯ ರೂಟರ್‌ಗಳೂ ಕಾಲ ತೆಗೆದುಕೊಳ್ಳುತ್ತವೆ. ಆದ್ದರಿಂದ ನಿಜವಾದ ಅಂಕಿ ಇನ್ನೂ ಹೆಚ್ಚು. ಮೊದಲು ನಿಮ್ಮ ರೂಟರ್‌ಗೆ, ಅನಂತರ ಹೊರಗಿನ ಗಣಕಕ್ಕೆ ಪಿಂಗ್ ಮಾಡಿ. ಎಲ್ಲಿಂದಾಚೆ ಉತ್ತರವಿಲ್ಲವೋ ದೋಷ ಬಹುಶಃ ಅಲ್ಲಿದೆ. 'ಬಹುಶಃ' ಏಕೆಂದರೆ, ಪಿಂಗ್‌ಗೆ ಉತ್ತರಿಸದಂತೆ ಕೆಲವು ಸಾಧನಗಳನ್ನು ಹೊಂದಿಸಿರುತ್ತಾರೆ.

ಎರಡನೆಯ ಪ್ರಶ್ನೆಗೆ 1988ರಲ್ಲಿ ಬಂದ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ನೆರವಾಗುತ್ತದೆ. ಸ್ವಿಚ್ ತನ್ನ ಮೂಲಕ ಹಾದ ಬೈಟ್‌ಗಳನ್ನು ಮನೆಯ ವಿದ್ಯುತ್ ಮೀಟರಿನಂತೆ ಎಣಿಸುತ್ತಲೇ ಇರುತ್ತದೆ. ನಿಗಾ ಇಡುವ ಗಣಕ ಆಗಾಗ ಅದನ್ನು ಓದುತ್ತದೆ. 300 ಸೆಕೆಂಡಿನ ಅಂತರದ ಎರಡು ಓದುಗಳ ವ್ಯತ್ಯಾಸ 15 ಕೋಟಿ ಬೈಟ್ ಎಂದಾದರೆ, ಸರಾಸರಿ ಸೆಕೆಂಡಿಗೆ 5 ಲಕ್ಷ ಬೈಟ್, ಅಂದರೆ 4 ಮೆಗಾಬಿಟ್. ಎಚ್ಚರ! 32 ಬಿಟ್‌ನ ಮೀಟರ್ 429 ಕೋಟಿ ದಾಟಿದೊಡನೆ ಸೊನ್ನೆಗೆ ಮರಳುತ್ತದೆ. 100 ಮೆಗಾಬಿಟ್ ವೇಗದಲ್ಲಿ ಇದಕ್ಕೆ ಆರು ನಿಮಿಷವೂ ಬೇಡ. ಅದಕ್ಕೇ ವೇಗದ ಸಾಧನಗಳಲ್ಲಿ 64 ಬಿಟ್‌ನ ಮೀಟರ್ ಬಳಸುತ್ತಾರೆ.

ಮೂರನೆಯದು ಒಳಪ್ರವೇಶ. ಹಳೆಯ ಟೆಲ್‌ನೆಟ್‌ನಲ್ಲಿ ನೀವು ಒತ್ತಿದ ಪ್ರತಿ ಅಕ್ಷರವೂ ಅಂಚೆ ಕಾರ್ಡಿನ ಬರಹದಂತೆ ಬಯಲಾಗಿಯೇ ಸಾಗುತ್ತದೆ. ಪಾಸ್‌ವರ್ಡ್ ಕೂಡ! ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆ ಪಾಸ್‌ವರ್ಡ್‌ಗಳ ಕಳವಾಯಿತು. ಅಲ್ಲಿನ ಟಾಟು ಇಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದರು. ಇದು ಎಲ್ಲವನ್ನೂ ಗೂಢಲಿಪಿಗೆ ಬದಲಿಸಿ ಕಳಿಸುತ್ತದೆ.

ಪಾಠ ಅಲ್ಲಿಗೇ ಮುಗಿಯಲಿಲ್ಲ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಟೆಲ್‌ನೆಟ್ ಬಾಗಿಲಿನಿಂದ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ಗಳನ್ನೇ ಬಳಸಿ, ಕ್ಯಾಮೆರಾ ಮತ್ತು ರೂಟರ್‌ಗಳೊಳಗೆ ನುಗ್ಗಿತು. ಆ ಸಾಧನಗಳಲ್ಲಿ ಕಾರ್ಖಾನೆಯ ಪಾಸ್‌ವರ್ಡ್ ಬದಲಾಗದೆ ಹಾಗೆಯೇ ಉಳಿದಿತ್ತು.

ದೂರದಿಂದ ನೀವು ಆರೈಕೆ ಮಾಡುವ ದಾರಿಯೇ ಕಳ್ಳನ ದಾರಿಯೂ ಹೌದು. ಇಂದೇ ನಿಮ್ಮ ರೂಟರ್‌ನ ಪಾಸ್‌ವರ್ಡ್ ಬದಲಿಸಿ, ಟೆಲ್‌ನೆಟ್ ಇದ್ದರೆ ಮುಚ್ಚಿ. ಎಸ್‌ಎನ್‌ಎಂಪಿ ಬೇಕಿದ್ದರೆ ಗೂಢಲಿಪಿಯ ಸೌಲಭ್ಯವಿರುವ ಮೂರನೆಯ ಆವೃತ್ತಿಯನ್ನೇ ಬಳಸಿ. ಶಿಕ್ಷಕರು ತರಗತಿಯಲ್ಲಿ ಪಿಂಗ್ ಪ್ರಯೋಗ ಮಾಡಿಸಬಹುದು. ಆದರೆ ಅನುಮತಿಯಿಲ್ಲದೆ ಬೇರೆಯವರ ಸಾಧನದ ಬಾಗಿಲು ತಟ್ಟುವುದು ಪ್ರಯೋಗವಲ್ಲ, ಅಪರಾಧ.